ಲಾಟಿನಲ್ಲಿ ಬೆರೆತ ಒರಿಜಿನಲ್

ನಮ್ಮ ಅತ್ತೆಗೆ ಹಿಮ್ಮಡಿ ನೋವು ಹಿಡಿದುಕೊಂಡಾಗ ನಾನು ಹೊಳೆನರಸೀಪುರದ ಆ ಮನೆಗೆ ಸೊಸೆಯಾಗಿ ಬಂದು ಹತ್ತು ವರ್ಷದ ಮೇಲಾಗಿತ್ತು. ತೊಂಬತ್ತರ ದಶಕದಲ್ಲಿ ಚನ್ನರಾಯಪಟ್ಟಣದಿಂದ ಮದುವೆಯಾಗಿ ಬಂದವಳು, ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅತ್ತೆ ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಗೋಡೆ ಹಿಡಿದುಕೊಂಡು, ಬೆರಳ ತುದಿಯಲ್ಲಿ ನಡೆಯುತ್ತ ಬಚ್ಚಲಿಗೆ ಹೋಗುತ್ತಿದ್ದರು. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಕಾಲಿಟ್ಟದ್ದಾಯಿತು, ಹರಳೆಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಹಾಸನದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಹಿಮ್ಮಡಿ ಒತ್ತಿ ನೋಡಿ, ಮಾತ್ರೆಗಿಂತ ಮುಖ್ಯವಾಗಿ ಒಳ್ಳೆಯ ಕಂಪನಿಯ ಒಂದು ಜೊತೆ ಸ್ಪೋರ್ಟ್ಸ್ ಶೂ ಬೇಕೆಂದೂ, ನಕಲಿ ಮಾಲು ಹಾಕಿಕೊಂಡರೆ ನೋವು ಇನ್ನೂ ಹೆಚ್ಚಾದೀತೆಂದೂ ಹೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ದಿನಾ ದೇವಸ್ಥಾನಕ್ಕೆ ಹೋಗಿಬರುವ ಹೆಂಗಸು ಸೀರೆಯ ಕೆಳಗೆ ಓಟಗಾರರ ಶೂ ಮೆಟ್ಟಿಕೊಂಡು ಕೋಟೆ ಬೀದಿಯಲ್ಲಿ ನಡೆಯುವುದು ಅವರ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಅವರದು ಒಂದೇ ಷರತ್ತು: ಚರ್ಮ ಇರಕೂಡದು. ಹುಟ್ಟಿದಾಗಿನಿಂದ ಚರ್ಮದ ಚಪ್ಪಲಿ ಮೆಟ್ಟಿದವರಲ್ಲ. ರಬ್ಬರಿನ ಹವಾಯಿ ಚಪ್ಪಲಿಯಲ್ಲೇ ಸಂಸಾರ ಸಾಗಿಸಿದವರು.

ಶೂ ತರುವ ಕೆಲಸವನ್ನು ಮಾವ ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ನಿವೃತ್ತ ಹೆಡ್‌ಮೇಷ್ಟ್ರು. ತಮ್ಮ ಜೀವಮಾನದಲ್ಲಿ ಯಾವ ವ್ಯಾಪಾರಿಯೂ ತಮಗೆ ಟೋಪಿ ಹಾಕಿಲ್ಲವೆಂಬುದು ಅವರ ನಂಬಿಕೆ. ಟೋಪಿ ಹಾಕಿಸಿಕೊಂಡು ತಂದ ಸಾಮಾನುಗಳನ್ನೆಲ್ಲ ಅತ್ತೆ ಸದ್ದಿಲ್ಲದೆ ಅಟ್ಟಕ್ಕೆ ಸಾಗಿಸಿಬಿಡುತ್ತಿದ್ದುದರಿಂದ ಆ ನಂಬಿಕೆಗೆ ಎಂದೂ ಧಕ್ಕೆ ಬಂದಿರಲಿಲ್ಲ.

ಅವರು ಒಬ್ಬರೇ ಹಾಸನಕ್ಕೆ ಹೋಗಿ ಬಂದು, ಜಗಲಿಯ ಮೇಲೆ ಕೂತು, ನಮ್ಮನ್ನೆಲ್ಲ ಕರೆದು ಡಬ್ಬ ಬಿಚ್ಚಿದರು. ಬಿಳಿ ಮೈ, ಪಕ್ಕದಲ್ಲಿ ನೀಲಿ ಪಟ್ಟಿ, ಹಿಂದೆ ಹೆಸರಾಂತ ಕಂಪನಿಯ ಹೆಸರು. ಷೋರೂಮಿನವರು ಹೇಳುವ ಬೆಲೆಯ ಮೂರನೇ ಒಂದು ಪಾಲಿಗೆ ಗಿಟ್ಟಿಸಿದ್ದಾಗಿ ಹೇಳಿ ನಮ್ಮ ಮುಖ ನೋಡಿದರು. ನಾನು ಒಂದು ಶೂ ಕೈಗೆತ್ತಿಕೊಂಡೆ. ಸೈಕಲ್ ಪಂಕ್ಚರ್ ಅಂಗಡಿಯ ವಾಸನೆ ಮೂಗಿಗೆ ಬಡಿಯಿತು. ಉತ್ತರಪತ್ರಿಕೆ ತಿದ್ದಿ ತಿದ್ದಿ ಕಾಗುಣಿತದ ತಪ್ಪು ನನ್ನ ಕಣ್ಣಿಗೆ ತಾನಾಗಿ ಬೀಳುತ್ತದೆ. ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು. ಅಷ್ಟರಲ್ಲಿ ಶೂವಿನ ನಾಲಿಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಏನೋ ಬರೆದಿರುವುದನ್ನು ಅತ್ತೆ ಕಂಡು, ಏನದು ಎಂದು ಕೇಳಿದರು. ನಮ್ಮ ಯಜಮಾನರು, ಸುಳ್ಳು ಹೇಳಲು ಬಾರದ ಮನುಷ್ಯ, ‘ಜೆನ್ಯೂನ್ ಲೆದರ್’ ಎಂದು ಗಟ್ಟಿಯಾಗಿ ಓದಿಬಿಟ್ಟರು.

ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು.

“ಅದು ಚರ್ಮ ಅಲ್ಲ ಕಣೇ, ರೆಕ್ಸಿನ್ನು. ಸುಮ್ಮನೆ ಗತ್ತಿಗೆ ಹಾಗೆ ಬರ್ಕೊಂಡಿರ್ತಾರೆ,” ಎಂದರು ಮಾವ.

“ಚರ್ಮ ಅಂತ ಸುಳ್ಳು ಬರ್ದೋರು ಕಂಪನಿ ಹೆಸರು ಮಾತ್ರ ನಿಜ ಬರ್ದಿರ್ತಾರೇನ್ರೀ?” ಎಂದರು ಅತ್ತೆ.

ಮಾವನಿಗೆ ಅದು ಕೇಳಿಸಲಿಲ್ಲ. ಅಂಗಡಿಯವನು ಮೊದಲು ಎಷ್ಟು ಹೇಳಿದ, ತಾವು ಹೇಗೆ ಎದ್ದು ಹೊರಟಂತೆ ಮಾಡಿದರು ಎಂಬ ಕಥೆಯನ್ನು ಅವರು ಆಗಲೇ ಆರಂಭಿಸಿದ್ದರು.

ಗಂಡ ತಂದದ್ದನ್ನು ಬೇಡವೆನ್ನಲಾರದೆ ಅತ್ತೆ ಅದನ್ನೇ ಹಾಕಿಕೊಂಡು ಸಂಜೆ ಹೊಳೆಯ ಸೇತುವೆಯ ಕಡೆಗೆ ನಡೆಯತೊಡಗಿದರು. ಬೀದಿಯ ಹೆಂಗಸರು ಮೊದಮೊದಲು ಬಾಗಿಲಿಗೆ ಬಂದು ನಿಂತು ನೋಡಿದರು, ಆಮೇಲೆ ಬೇಸರವಾಗಿ ಒಳಗೆ ಹೋದರು. ಶೂವಿನ ಅಟ್ಟೆ ಹಲಗೆಯ ಹಾಗೆ ಗಟ್ಟಿಯಿತ್ತು. ನೋವು ಹಿಮ್ಮಡಿಯಿಂದ ಮೀನಖಂಡಕ್ಕೆ ಹತ್ತಿತು. ಎರಡು ವಾರ ಕಳೆಯುವ ಮೊದಲೇ ಬಲಗಾಲಿನ ಶೂ ಮುಂದುಗಡೆ ಬಾಯಿಬಿಟ್ಟಿತು. ಅತ್ತೆ ಅದನ್ನು ಹಿತ್ತಿಲಿಗೆ ತಂದು ನನಗೆ ತೋರಿಸಿದರು. ಮಾವನಿಗೆ ಹೇಳೋಣವೇ ಎಂದು ಕೇಳಿದೆ.

“ಹೇಳಿದ್ರೆ ಒಂದು ದಿನದ ಜಗಳ ಕಣೇ,” ಎಂದರು ಅತ್ತೆ. “ಹೇಳ್ದೆ ಇದ್ರೆ ಎಷ್ಟು ದಿನದ ತಮಾಷೆ ನೋಡು.”

ನೋಡಲು ಥೇಟ್ ಅದೇ ಥರದ, ಆದರೆ ಅಸಲಿ ಶೂ ತರಿಸಿ, ಇದರ ಜಾಗದಲ್ಲಿ ಇಟ್ಟುಬಿಡುವುದು ಅವರ ಉಪಾಯ. ಆ ಕಂಪನಿಯ ಮಳಿಗೆ ನಮ್ಮ ಕಡೆ ಎಲ್ಲೂ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಸಾಮಾನು ಕೊಳ್ಳಬಹುದೆಂದು ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದೆ. ದೇವಸ್ಥಾನಕ್ಕೆಂದು ಹೇಳಿ ಅತ್ತೆ ಸೊಸೆ ಇಬ್ಬರೂ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆವು. ಮೊದಲು ಅದು ಎಸ್‌ಟಿಡಿ ಬೂತಾಗಿತ್ತು. ಗಾಜಿನ ಗೂಡು ಹಾಗೇ ಇತ್ತು, ಟೆಲಿಫೋನಿನ ಜಾಗಕ್ಕೆ ಕಂಪ್ಯೂಟರ್ ಬಂದಿತ್ತು. ಆ ಗೂಡಿನೊಳಗೆ ನಾವಿಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತೆವು. ಶೂವಿನ ಚಿತ್ರ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಸೀರೆ ಅಂಗಡಿಯವರು ಸೆರಗು ಬಿಡಿಸಿ ತೋರಿಸುವ ಹಾಗೆಯೇ ಇದೆಯಲ್ಲ ಎಂದು ಅತ್ತೆಗೆ ಬಹಳ ಹಿಡಿಸಿತು.

ಮೊದಲ ಸಲ ನಾವೂ ಮಾವನ ದಾರಿಯನ್ನೇ ಹಿಡಿದೆವು. ಯಾವನೋ ಒಬ್ಬ ಅರ್ಧ ಬೆಲೆಗೆ ಹಾಕಿದ್ದ ಶೂವನ್ನು ಕಂಡು, ಬೇರೆಯವರು ಒತ್ತುವ ಮೊದಲು ನಾನೇ ಗುಂಡಿ ಒತ್ತಿಬಿಟ್ಟೆ. ಕಾರ್ಡು ನಮ್ಮ ಯಜಮಾನರದು. ಅವರು ಅರಕಲಗೂಡಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ, ಊರವರಿಗೆಲ್ಲ ಕಾರ್ಡು ಹಂಚುತ್ತಿದ್ದರೂ ತಮ್ಮ ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಕೊಡಲು ಹೆದರುತ್ತಿದ್ದರು. ತಾಯಿಯ ಹಿಮ್ಮಡಿಯ ಹೆಸರು ಹೇಳಿ ಒಪ್ಪಿಸಬೇಕಾಯಿತು. ನಮ್ಮೂರಿಗೆ ಕೊರಿಯರ್ ಬರುತ್ತದೆಂಬ ನೆಚ್ಚಿಕೆ ಇರಲಿಲ್ಲವಾದ್ದರಿಂದ ಪಾರ್ಸೆಲ್ ಹಾಸನದ ಕಚೇರಿಗೆ ಬಂತು. ನಾನು ಅಲ್ಲಿಗೇ ಹೋಗಿ ಬಿಚ್ಚಿದೆ. ಈ ಸಲ ಕಾಗುಣಿತ ಸರಿಯಿತ್ತು, ವ್ಯಾಕರಣ ಕೆಟ್ಟಿತ್ತು. ಡಬ್ಬದ ಚೀಟಿಯ ಮೇಲಿನ ನಂಬರು ಒಂದು, ಶೂವಿನೊಳಗೆ ಹೊಲಿದ ಪಟ್ಟಿಯ ನಂಬರು ಇನ್ನೊಂದು. ಎಡಗಾಲಿನ ಹೊಲಿಗೆ ನೇರ, ಬಲಗಾಲಿನದು ಹೊಳೆಯ ದಂಡೆಯ ಹಾಗೆ ಸೊಟ್ಟ. ಅದೃಷ್ಟಕ್ಕೆ, ಕೊಂಡವರು ಒಪ್ಪಿದೆವೆಂದು ಹೇಳುವವರೆಗೂ ದುಡ್ಡನ್ನು ಮಾರುವವನಿಗೆ ಕೊಡದೆ ತಡೆದಿಟ್ಟುಕೊಳ್ಳುವ ಏರ್ಪಾಡು ಆ ಸೈಟಿನಲ್ಲಿತ್ತು. ಎರಡು ನಂಬರುಗಳ ಫೋಟೋ ಹಾಕಿ ತಕರಾರು ಬರೆದೆ. ಪಾರ್ಸೆಲ್ ಬಂದ ದಾರಿಯಲ್ಲೇ ಹೋಯಿತು, ದುಡ್ಡೂ ವಾಪಸಾಯಿತು.

ಆಮೇಲೆ ನಾನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ತನ್ನ ಮಾಲನ್ನು ಯಾವ ಯಾವ ಅಂಗಡಿಗಳಿಗೆ ಮಾರಲು ಕೊಟ್ಟಿದೆಯೆಂದು ಕಂಪನಿಯೇ ತನ್ನ ಸೈಟಿನಲ್ಲಿ ಹಾಕಿರುತ್ತದೆ ಎಂಬುದು ತಿಳಿಯಿತು. ಅಲ್ಲಿಯೇ ಆ ಶೂ ಚರ್ಮದ್ದಲ್ಲವೆಂಬುದೂ ಇತ್ತು. ಅದನ್ನು ಅತ್ತೆಗೆ ಓದಿ ಹೇಳಿದೆ. ಅಸಲಿ ಕಂಪನಿಯವರೇ ಬರೆದಿದ್ದರೆ ನಂಬಬಹುದು, ಅದಕ್ಕೇ ಅಸಲಿಯೇ ಆಗಬೇಕು ಎಂದರು. ಮಾರುವವರೆಲ್ಲ ಕಂಪನಿಯ ಚಿತ್ರವನ್ನೇ ಎತ್ತಿ ಹಾಕಿಕೊಳ್ಳುತ್ತಾರೆ, ಆದ್ದರಿಂದ ಚಿತ್ರ ನೋಡಿ ಏನೂ ಗೊತ್ತಾಗುವುದಿಲ್ಲ ಎಂದು ಅರ್ಥವಾದ ಮೇಲೆ, ನಾಲ್ಕಾರು ಜನರಿಗೆ ಒಂದೇ ಪ್ರಶ್ನೆ ಬರೆದೆ: ಒಳಗಿನ ಪಟ್ಟಿಯ ಮತ್ತು ಡಬ್ಬದ ಚೀಟಿಯ ಫೋಟೋ ನೀವೇ ತೆಗೆದು ಕಳಿಸುತ್ತೀರಾ? ಹೆಚ್ಚಿನವರು ಮೌನವಾದರು. ಒಬ್ಬ ಮಾತ್ರ, ಮೇಡಂ ಇದು ಫಸ್ಟ್ ಕಾಪಿ, ಅಸಲಿಯ ಥೇಟ್ ನಕಲು, ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಉತ್ತರಿಸಿದ. ಇಷ್ಟು ಜನರಲ್ಲಿ ಇವನೊಬ್ಬ ಸತ್ಯವಂತ ಎಂದು ಅತ್ತೆ ಮೆಚ್ಚಿಕೊಂಡರು. ಕೊನೆಗೆ, ಕಂಪನಿಯೇ ಹೆಸರಿಸಿದ್ದ ಬೆಂಗಳೂರಿನ ಅಂಗಡಿಯೊಂದು ಫೋಟೋ ಕಳಿಸಿತು. ಚೀಟಿಯ ಪಕ್ಕದಲ್ಲಿ ಯಾರದೋ ಹೆಬ್ಬೆರಳೂ ಬಿದ್ದಿತ್ತು. ನಂಬರು ಎರಡೂ ಕಡೆ ಒಂದೇ. ಬೆಲೆ ಕೇಳಿ ಅತ್ತೆ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ತರಿಸು ಎಂದರು.

ಮಾವ ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿದ್ದ ತಂಗಿಯ ಮನೆಗೆ ಊಟಕ್ಕೆ ಹೋದ ದಿನ ಅದಲುಬದಲಿನ ಕೆಲಸ ನಡೆಯಿತು. ಹೊಸ ಶೂ ಹೊಸದಾಗಿ ಕಾಣಬಾರದಲ್ಲ. ಹಿತ್ತಿಲ ಬಾಳೆಗಿಡದ ಬುಡದ ಕೆಸರು ತಂದು ಬಳಿದು, ಒಣಗಿದ ಮೇಲೆ ತೊಳೆದೆವು. ಅಷ್ಟು ಬೆಲೆಯ ಶೂಗೆ ನಾನು ಬೆರಳ ತುದಿಯಲ್ಲಿ ಚೂರು ಚೂರೇ ಕೆಸರು ಹಚ್ಚಿದೆ. ಅತ್ತೆಗೆ ಮಾತ್ರ ಹಪ್ಪಳದ ಹಿಟ್ಟು ನಾದುವಷ್ಟು ಉತ್ಸಾಹ. ದಾರವನ್ನು ಕಲ್ಲಿಗೆ ಉಜ್ಜಿ ಜುಂಗು ಎಬ್ಬಿಸಿದರು. ಹಳೆಯ ಜೊತೆಯನ್ನು ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತೇವೆಂದು ಮಗನ ಬ್ಯಾಗಿಗೆ ತುರುಕಿ, ಅರಕಲಗೂಡಿನಲ್ಲಿ ಎಲ್ಲಾದರೂ ಬಿಟ್ಟು ಬಾ ಎಂದರು. ನಮ್ಮ ಯಜಮಾನರು ಬಸ್ಸಿನ ಸೀಟಿನ ಕೆಳಗೆ ಬಿಟ್ಟು ಇಳಿದರಂತೆ. ಕಂಡಕ್ಟರ್ ಓಡಿಬಂದು, “ಸಾ, ನಿಮ್ ಶೂ ಬಿಟ್ಬುಟ್ಟು ಓಯ್ತಾ ಇದೀರಲ್ಲ ಸಾ,” ಎಂದು ಕೈಗೆ ಕೊಟ್ಟನಂತೆ. ಆಮೇಲೆ ಬ್ಯಾಂಕಿನ ಹಿಂದಿನ ತಿಪ್ಪೆಗೆ ಹಾಕಿ, ಕಳ್ಳನ ಹಾಗೆ ಹಿಂದೆ ಮುಂದೆ ನೋಡಿಕೊಂಡು ಬಂದರಂತೆ.

ಸಂಜೆ ಮಾವ ಶೂ ನೋಡಿದವರು ನೀಲಿ ಪಟ್ಟಿಯ ಬಣ್ಣ ಸ್ವಲ್ಪ ಗಾಢವಾದ ಹಾಗಿದೆಯಲ್ಲ ಎಂದರು. ಒಗೆದೆ ಎಂದರು ಅತ್ತೆ. ಒಗೆದ ಹಾಗೆಲ್ಲ ಬಣ್ಣ ಏರುವುದೇ ಅಸಲಿ ಮಾಲಿನ ಲಕ್ಷಣವೆಂದು ಮಾವ ನನಗೆ ವಿವರಿಸಿದರು. ವಿಜ್ಞಾನದ ಟೀಚರಾದ ನಾನು ತಲೆಯಾಡಿಸಿದೆ.

ಅತ್ತೆಯ ನೋವು ದಿನದಿಂದ ದಿನಕ್ಕೆ ಇಳಿಯಿತು. ಗೋಡೆ ಹಿಡಿಯುವುದು ತಪ್ಪಿತು. ಅದರ ಕೀರ್ತಿಯೆಲ್ಲ ಮಾವನಿಗೆ ಹೋಯಿತು. ಸಂಜೆ ಸೇತುವೆಯ ಮೇಲೆ ಅವರ ಜೊತೆ ನಡೆಯುತ್ತಿದ್ದ ಗೆಳೆಯರೊಬ್ಬರಿದ್ದರು. ಹಳೇಕೋಟೆಯ ಕಡೆ ಜಮೀನು ಮಾಡಿಸುತ್ತ ಊರಿನಲ್ಲಿ ಮನೆ ಮಾಡಿಕೊಂಡಿದ್ದ ಗೌಡರು. ಮಾವ ಅವರಿಗೆ ಅತ್ತೆಯ ಶೂ ತೋರಿಸಿ ತೋರಿಸಿ, ಕೊನೆಗೆ ಹಾಸನಕ್ಕೆ ಕರೆದುಕೊಂಡು ಹೋಗಿ ಅದೇ ಅಂಗಡಿಯಲ್ಲಿ ಒಂದು ಜೊತೆ ಕೊಡಿಸಿದರು. ತಮಗೂ ಒಂದು ತಂದರು. ಆ ದಿನ ಅತ್ತೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಒಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ನಗು ತಡೆದು ತಡೆದು ಬಂದ ಕಣ್ಣೀರು.

ಗೌಡರ ಶೂ ಮೊದಲು ಕಿತ್ತುಹೋಯಿತು. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದರು.

“ಮೇಷ್ಟ್ರೇ, ನಿಮ್ ಮಾತ್ ಕೇಳ್ಕಂಡು ತಕ್ಕಂಡೆ. ಇದ್ ನೋಡುದ್ರೆ ಮೊಸ್ಳೆ ಅಂಗೆ ಬಾಯ್ ಬಿಟ್ಕಂಡು ಕುಂತದೆ,” ಎಂದರು.

ಮಾವ ಶೂವನ್ನು ತಿರುಗಿಸಿ ನೋಡಿ, ತಪ್ಪು ಶೂವಿನದಲ್ಲ, ನಡಿಗೆಯದು ಎಂದು ತೀರ್ಪು ಕೊಟ್ಟರು. ಗದ್ದೆಯ ಬದುವಿನ ಮೇಲೆ ನಡೆದು ಅಭ್ಯಾಸವಾದವರು ಬೆರಳನ್ನು ನೆಲಕ್ಕೆ ಒತ್ತುತ್ತಾರೆ, ಅದಕ್ಕೇ ಮುಂದೆ ಬಿಡುತ್ತದೆ. ನಮ್ಮ ಮನೆಯವಳದು ನೋಡಿ, ಹೇಗಿದೆ. ಗೌಡರು ಅತ್ತೆಯ ಶೂ ನೋಡಿದರು, ತಮ್ಮದನ್ನು ನೋಡಿಕೊಂಡರು, ಇರಬಹುದು ಎಂದು ಒಪ್ಪಿಕೊಂಡು ಹೋದರು. ಆದರೆ ಕೆಲವೇ ದಿನಕ್ಕೆ ಮಾವನದೂ ಬಿಟ್ಟಿತು, ಅದೂ ಹಿಂದುಗಡೆ. ಅವರು ಅದನ್ನು ಮೂಲೆಗೆ ತಳ್ಳುವ ಮೊದಲೇ ಅತ್ತೆ ನೋಡಿಬಿಟ್ಟರು.

“ಕಾಲು ಎಳೆದುಕೊಂಡು ನಡೀಬೇಡಿ ಅಂತ ನಾನು ಮದುವೆಯಾದಾಗಿಂದ ಹೇಳ್ತಾನೇ ಇದೀನಿ,” ಎಂದರು.

ಗೌಡರಿಗೆ ಹೇಳಿದ ಮಾತನ್ನು ಮಾವ ನುಂಗುವ ಹಾಗಿರಲಿಲ್ಲ. ನೋಡುತ್ತಿದ್ದ ಹಾಗೆ ನಮ್ಮ ಹೆಡ್‌ಮೇಷ್ಟ್ರು ಕಾಲೆತ್ತಿ ನಡೆಯತೊಡಗಿದರು. ನಡುಮನೆಯಿಂದ ಬಚ್ಚಲಿಗೆ ಹೋಗುವಾಗಲೂ ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿಡುತ್ತಿದ್ದರು. ಅತ್ತೆ ಹೊಸ್ತಿಲಲ್ಲಿ ಕೂತು, ಬಲಗಾಲು ಇನ್ನೂ ಸ್ವಲ್ಪ ಎಳೆಯುತ್ತಿದೆ ಎಂದು ತಿದ್ದುತ್ತಿದ್ದರು.

ಆದರೂ ಮಾವನಿಗೆ ಒಳಗೊಳಗೇ ಕೊರೆಯುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದದ್ದೇ, ಹೊರಡು ಹಾಸನಕ್ಕೆ ಎಂದರು. ಅವರ ಕೈಯಲ್ಲಿದ್ದ ಚೀಲದಲ್ಲಿ ತಮ್ಮ ಕಿತ್ತ ಶೂ, ಗೌಡರ ಕಿತ್ತ ಶೂ, ಅವೆರಡಕ್ಕೆ ಸಾಕ್ಷಿಯಾಗಿ ಅತ್ತೆಯ ಗಟ್ಟಿ ಶೂ ಇದ್ದವು. ಒಂದೇ ಅಂಗಡಿಯಲ್ಲಿ ಕೊಂಡದ್ದು, ಒಂದು ಹೀಗೆ, ಎರಡು ಹಾಗೆ ಏಕೆ ಎಂದು ಅವನನ್ನೇ ಕೇಳುತ್ತೇನೆ ಎಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಮುಖ ನೋಡಿದರು.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿತ್ತು. ಮಾಡಿನಿಂದ ಬೆಲ್ಟು, ಚೀಲ, ಟೋಪಿ ಜೋತಾಡುತ್ತಿದ್ದವು. ಮಾವ ಮೂರು ಜೊತೆಯನ್ನೂ ಕಟ್ಟೆಯ ಮೇಲೆ ಜೋಡಿಸಿ, ತರಗತಿಯಲ್ಲಿ ಕೇಳುವ ದನಿಯಲ್ಲಿ ಪ್ರಶ್ನೆ ಕೇಳಿದರು. ಅಂಗಡಿಯವನು ಕಿತ್ತ ಶೂಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅತ್ತೆಯದನ್ನು ಕೈಗೆತ್ತಿಕೊಂಡು, ಬಗ್ಗಿಸಿ, ಒಳಗಿನ ಪಟ್ಟಿ ಓದಿ, ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಕೆಳಗಿಟ್ಟ.

“ಸಾ, ಇದ್ ನಮ್ ಮಾಲಲ್ಲ,” ಎಂದ.

“ನಿನ್ನ ಅಂಗಡೀದೇ. ನಾನೇ ಕೈಯಾರೆ ತಗೊಂಡು ಹೋಗಿದ್ದು.”

“ಬೇಜಾರ್ ಮಾಡ್ಕಬ್ಯಾಡಿ ಸಾ. ಇದು ಒರಿಜಿನಲ್ಲು. ನಾವು ಒರಿಜಿನಲ್ ಇಡಾದೇ ಇಲ್ಲ. ಬೇಕಾದ್ರೆ ಈ ಸಾಲ್ನಾಗೆ ಯಾರ್ನಾದ್ರೂ ಕೇಳಿ.”

ಅಷ್ಟು ಪ್ರಾಮಾಣಿಕವಾಗಿ ಯಾವ ವ್ಯಾಪಾರಿಯೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಾವನ ಮುಖ ಕೆಂಪಾಯಿತು. ಅಂಗಡಿಯವನು ಅವರನ್ನು ಬಿಟ್ಟು ನನ್ನ ಕಡೆ ನೋಡಿದ. ನಾನು ಜೋತಾಡುತ್ತಿದ್ದ ಒಂದು ಬೆಲ್ಟಿನ ಬಕಲ್ಲನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದೆ. ಅವನಿಗೆ ಏನು ಹೊಳೆಯಿತೋ, ಗಂಟಲು ಸರಿಮಾಡಿಕೊಂಡ.

“ಒಂದೊಂದ್ಸಲ ಲಾಟ್ನಾಗೆ ಒಂದು ಒರಿಜಿನಲ್ ಬೆರ್ತೋಯ್ತದೆ ಸಾ. ನಿಮ್ ಅದೃಷ್ಟ, ಅದು ನಿಮ್ ಕೈಗೆ ಸಿಕ್ಬುಟ್ಟದೆ,” ಎಂದ.

ನನ್ನನ್ನು ಉಳಿಸಲು ಹೋಗಿ ಅವನು ತನ್ನ ತಲೆಯ ಮೇಲೆ ಚಪ್ಪಡಿ ಎಳೆದುಕೊಂಡ. ಮಾವನ ಮುಖ ನಿಧಾನವಾಗಿ ಅರಳಿತು. ಷೋರೂಮಿನ ಮಾಲನ್ನು ಮೂರನೇ ಒಂದು ಬೆಲೆಗೆ ಆರಿಸಿಕೊಂಡು ಬಂದಿದ್ದೇನೆ, ಮಾರಿದವನಿಗೇ ಗೊತ್ತಾಗಿಲ್ಲ! ಅವರು ಸ್ಟೂಲು ಎಳೆದುಕೊಂಡು ಕೂತು, ಒಂದು ಬೆರೆತಿದ್ದರೆ ಇನ್ನೊಂದೂ ಬೆರೆತಿರಬಹುದು, ಎಲ್ಲ ಡಬ್ಬ ತೆಗಿ ಎಂದರು.

ಸಂಜೆಯ ಬಸ್ಸಿನ ಹೊತ್ತಿನವರೆಗೂ ತೆಗೆಸಿದರು. ಪರೀಕ್ಷಿಸುವ ಕೆಲಸವನ್ನು ನನಗೂ ಹಂಚಿದರು; ನಾನು ನಂಬರು ಹೋಲಿಸಿದೆ, ಹೊಲಿಗೆ ನೋಡಿದೆ, ಅಂಟಿನ ವಾಸನೆ ನೋಡಿದೆ. ಇದೆಲ್ಲ ನಿನಗೆ ಹೇಗೆ ಇಷ್ಟು ಚೆನ್ನಾಗಿ ಗೊತ್ತು ಎಂದು ನಡುವೆ ಒಮ್ಮೆ ಕೇಳಿದರು; ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಿದ್ದರು ಎಂದೆ. ಗಿರಾಕಿಗಳು ಬಂದು, ನೆಲದ ತುಂಬ ಹರಡಿದ ಶೂಗಳ ನಡುವೆ ಕಾಲಿಡಲು ಜಾಗವಿಲ್ಲದೆ, ಇಲ್ಲಿ ಏನೋ ರೈಡು ನಡೆಯುತ್ತಿದೆ ಎಂದುಕೊಂಡು ವಾಪಸು ಹೋದರು. ಅಂಗಡಿಯವನು ನನ್ನನ್ನು ನೋಡುತ್ತಿದ್ದ ನೋಟ ಇಂದಿಗೂ ಮರೆತಿಲ್ಲ. ಕೊನೆಗೆ ಮಾವ ಒಂದು ಜೊತೆ ಎತ್ತಿ ಹಿಡಿದು, ಇದು ಅಸಲಿ ಎಂದರು. ಅದೇ ಸಾ, ಕರೆಕ್ಟಾಗಿ ಹಿಡಿದಿರಿ ಎಂದು ಅವನು ಕೈಮುಗಿದ. ಕಿತ್ತ ಜೊತೆಗೆ ಬದಲಾಗಿ ಅದನ್ನು ಕೊಟ್ಟು, ಗೌಡರ ಪಾಲಿಗೆ ಒಂದು ಛತ್ರಿಯನ್ನೂ ಕೊಟ್ಟು ಕಳಿಸಿದ.

ಮನೆಗೆ ಬಂದು ಮಾವ ಎಲ್ಲವನ್ನೂ ವರ್ಣಿಸಿದರು. ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ಹಾಗೇ ಹಿಡಿದು, ಲಾಟಿನಲ್ಲಿ ಬೆರೆತಿತ್ತಂತಾ ಎಂದು ಎರಡು ಸಲ ಕೇಳಿದರು. ಅಂಗಡಿಯವನ ಮೇಲೆ ಅವರಿಗೆ ಗೌರವ ಹುಟ್ಟಿದ್ದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ಈ ಹೊಸ ಜೊತೆಯನ್ನೂ ಅದಲುಬದಲು ಮಾಡೋಣವೇ ಎಂದು ನಾನು ಆಮೇಲೆ ಹಿತ್ತಿಲಿನಲ್ಲಿ ಕೇಳಿದೆ. ಬೇಡ, ಗಂಡಸರ ಹಿಮ್ಮಡಿ ಗಟ್ಟಿ, ಕಿತ್ತುಹೋಗಲಿ ಎಂದರು.

ಅದು ಕಿತ್ತುಹೋಯಿತು. ಸೇತುವೆಯ ನಟ್ಟನಡುವೆ, ಗೌಡರ ಎದುರಿಗೇ, ಅಟ್ಟೆ ಪೂರ್ತಿ ಕಳಚಿ ರಸ್ತೆಯಲ್ಲಿ ಉಳಿಯಿತಂತೆ. ಗೌಡರು ಅದನ್ನು ಎತ್ತಿಕೊಟ್ಟು, “ನಡ್ಗೆ ಸರ್ಯಾಗೇ ಅದೆ ಬುಡಿ ಮೇಷ್ಟ್ರೇ,” ಎಂದರಂತೆ. ಇದು ಗೌಡರೇ ನಮಗೆ ಹೇಳಿದ್ದು. ಮಾವ ಒಂದು ವಾರ ಹಳೆಯ ಚಪ್ಪಲಿಯಲ್ಲೇ ಸೇತುವೆಗೆ ಹೋಗಿ ಬಂದರು. ಆಮೇಲೊಂದು ದಿನ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತು, ಕಂಪ್ಯೂಟರಿನಲ್ಲಿ ಶೂ ಸಿಗುತ್ತದಂತಲ್ಲ, ನಿಮ್ಮ ಸ್ಟಾಫ್ ರೂಮಿನವರಿಗೆ ಗೊತ್ತಿರಬಹುದು, ಕೇಳಿ ನೋಡು ಎಂದರು.

ನಾನು ಅವರನ್ನು ಆ ಗಾಜಿನ ಗೂಡಿಗೆ ಕರೆದುಕೊಂಡು ಹೋದೆ. ಕಂಪ್ಯೂಟರ್ ಅಂಗಡಿಯವರು, ಅಮ್ಮನವರು ಬರಲಿಲ್ಲವಾ ಎಂದು ಕೇಳಿದರು. ಮಾವ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕೂತರು. ಮಾರುವವರಿಗೆ ಕಳಿಸುವ ಪ್ರಶ್ನೆಗಳನ್ನು ತಾವೇ ಹೇಳಿ ಬರೆಸಿದರು, ನೋಟೀಸು ಕೊಡುವ ಇಂಗ್ಲಿಷಿನಲ್ಲಿ. ಅಗ್ಗದ ಬೆಲೆಯವರೆಲ್ಲ ಅದನ್ನು ಓದಿ ಓಡಿಹೋದರು. ಉಳಿದದ್ದು ಅದೇ ಬೆಂಗಳೂರಿನ ಅಂಗಡಿ. ಬೆಲೆ ನೋಡಿ ಮಾವ ಕನ್ನಡಕವನ್ನು ಇನ್ನೊಮ್ಮೆ ಒರೆಸಿಕೊಂಡರು. ಕೊನೆಗೆ, ಇಲ್ಲಿ ಚೌಕಾಸಿ ಮಾಡುವುದು ಎಲ್ಲಿ ಎಂದು ಕೇಳಿದರು. ಇಲ್ಲಿ ಅದಿಲ್ಲ ಎಂದೆ.

ಪಾರ್ಸೆಲ್ ಬಂದ ದಿನ ಮಾವ ತಮ್ಮ ಶೂವನ್ನೂ ಅತ್ತೆಯ ಶೂವನ್ನೂ ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟು, ಒಳಗಿನ ಪಟ್ಟಿಗಳನ್ನು ಓದಿದರು. ಬಹಳ ನಿಧಾನವಾಗಿ, ಎರಡೆರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅತ್ತೆಯ ಕಡೆ ನೋಡಿದರು. ಅತ್ತೆ ಮೊರದಿಂದ ತಲೆಯೆತ್ತಲಿಲ್ಲ.

“ನಿನ್ನದಕ್ಕೆ ನಾನು ಕಡಿಮೆ ಕೊಟ್ಟೆ,” ಎಂದರು ಮಾವ.

“ಅದಕ್ಕೇ ಅಲ್ವೇ ನಿಮ್ಮನ್ನ ಕಳಿಸಿದ್ದು,” ಎಂದರು ಅತ್ತೆ.

ಅವರಿಗೆ ಗೊತ್ತಾಯಿತೋ ಇಲ್ಲವೋ, ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಗೌಡರೂ ನನ್ನ ಕೈಯಲ್ಲಿ ಒಂದು ಜೊತೆ ತರಿಸಿಕೊಂಡರು. ಮೂವರೂ ಒಂದೇ ಥರದ ಬಿಳಿ ಶೂ ಹಾಕಿಕೊಂಡು ಸಂಜೆ ಸೇತುವೆಯ ಮೇಲೆ ಹೋಗುವುದನ್ನು ಬಸ್ಸಿನವರೂ ತಿರುಗಿ ನೋಡುತ್ತಿದ್ದರು. ಮುಂದೆ ಅತ್ತೆ, ಅವರನ್ನು ಹಿಂದೆ ಹಾಕಲಾರದೆ ಹೆಡ್‌ಮೇಷ್ಟ್ರು, ಅವರ ಹಿಂದೆ, ಬಿಸಿಲೂ ಮಳೆಯೂ ಇಲ್ಲದಿದ್ದರೂ ಛತ್ರಿ ಹಿಡಿದುಕೊಂಡ ಗೌಡರು.